ಅತ್ತೆಯ ಮೂರನೇ ಗೇರು

ಯಂತ್ರಗಳ ವಿಷಯದಲ್ಲಿ ನನ್ನ ಮಾತಿಗೆ ಎದುರು ಹೇಳುವವರು ನಮ್ಮ ಮನೆಯಲ್ಲಿ ಇಬ್ಬರೇ. ಒಂದು, ಯಂತ್ರ. ಇನ್ನೊಂದು, ನನ್ನ ಹೆಂಡತಿ. ಆ ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಇಬ್ಬರನ್ನೂ ಒಂದೇ ಏಟಿಗೆ ಗೆದ್ದುಬಿಡುತ್ತೇನೆಂದು ತೀರ್ಮಾನಿಸಿದೆ. ಬಾಯಿ ತುಂಬ ನೊರೆ ಇದ್ದದ್ದರಿಂದ ತೀರ್ಮಾನವನ್ನು ಯಾರಿಗೂ ಕೇಳುವಂತೆ ಘೋಷಿಸಲಾಗಲಿಲ್ಲ. ಘೋಷಿಸಿದ್ದರೆ ಅಲ್ಲೇ ತಡೆಯುತ್ತಿದ್ದರು, ನಾನು ಇದನ್ನು ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನೀವು ಹೊಸ ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬದ ತಳದಲ್ಲಿ ಮಡಚಿಟ್ಟ ಪುಸ್ತಿಕೆಯೊಂದು ಇರುತ್ತದಲ್ಲ, ತೆರೆಯದೆಯೇ ಎಸೆಯುತ್ತೀರಲ್ಲ, ಅದನ್ನು ಬರೆಯುವವನು ನಾನು. ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ. ‘ಎಡಬದಿಯ ಗುಂಡಿಯನ್ನು ಒತ್ತಿರಿ’, ‘ಬಲಬದಿಯ ಮುಚ್ಚಳವನ್ನು ಸಡಿಲಿಸಿರಿ’ ಮುಂತಾದ ಅಮರ ವಾಕ್ಯಗಳೆಲ್ಲ ನನ್ನವೇ. ನಮ್ಮ ಆಫೀಸಿನಲ್ಲಿ ನಾಲ್ಕು ಮೇಜು, ಎರಡು ಕಪಾಟು, ಒಂದು ಫ್ಯಾನು ಇವೆ. ಯಂತ್ರ ಮಾತ್ರ ಒಂದೂ ಇಲ್ಲ. ಕಾರ್ಖಾನೆಯವರು ಚಿತ್ರ ಕಳಿಸುತ್ತಾರೆ, ನಾನು ಚಿತ್ರ ನೋಡಿ ಮಾತು ಬರೆಯುತ್ತೇನೆ. ಹೀಗೆ ನೂರಾರು ಯಂತ್ರಗಳನ್ನು ಕೈ ಕೊಳೆ ಮಾಡಿಕೊಳ್ಳದೆ ಬಿಚ್ಚಿ ಜೋಡಿಸಿದ ಅಪಾರ ಅನುಭವ ನನ್ನದು. ಒಂದೆರಡು ಸಲ ಗಿರಾಕಿಗಳು ‘ಎಡ ಎಂದರೆ ಯಾರ ಎಡ?’ ಎಂದು ಕಾಗದ ಬರೆದದ್ದುಂಟು. ಅದನ್ನು ಓದಿ ನಾವು ನಾಲ್ಕೂ ಮೇಜಿನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಇನ್ನು ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ. ವಯಸ್ಸು ಅರವತ್ತೊಂದು, ಎತ್ತರ ನಾಲ್ಕು ಅಡಿ ಹತ್ತಿಂಚು, ಮಾತು ಅದಕ್ಕಿಂತಲೂ ಗಿಡ್ಡ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಸೀಸದ ಒಂದೊಂದು ಅಕ್ಷರವನ್ನೂ ಗೂಡಿನಿಂದ ಹೆಕ್ಕಿ, ಅಂಗೈಯಗಲದ ಕಬ್ಬಿಣದ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿ ಪುಸ್ತಕ ಕಟ್ಟುವ ಕೆಲಸ. ಅಚ್ಚುಕೂಟ ಮುಚ್ಚಿತು. ಎರಡು ವರ್ಷ ಸುಮ್ಮನೆ ಕೂತು ಕೂತು ಸಾಕಾಗಿ, ಒಂದು ದಿನ ವಾಚನಾಲಯಕ್ಕೆ ಹೋಗಿ ಕೆಲಸ ಕೇಳಿದರು. ಅಲ್ಲಿ ಪುಸ್ತಕದ ವ್ಯಾನು ಓಡಿಸುವವರು ಬೇಕಾಗಿತ್ತು. ದೂರದ ಬಡಾವಣೆಗಳಿಗೆ ವಾರಕ್ಕೆ ಮೂರು ದಿನ ಪುಸ್ತಕ ಒಯ್ಯಬೇಕು, ಓದಿದವರಿಂದ ವಾಪಸು ತರಬೇಕು. ಮೂರು ತಿಂಗಳೊಳಗೆ ಲೈಸೆನ್ಸ್ ತಂದರೆ ಕೆಲಸ ನಿಮ್ಮದು, ಇಲ್ಲವಾದರೆ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ ಎಂದರು.

ಅತ್ತೆಗೆ ಆ ಕೆಲಸ ಯಾಕಷ್ಟು ಬೇಕಿತ್ತೆಂದು ನಾನೊಮ್ಮೆ ಕೇಳಿದ್ದೆ. ಅವರು ಲೋಟ ತೊಳೆಯುತ್ತಿದ್ದರು. ತಿರುಗಿಯೂ ನೋಡದೆ, “ನಾನು ಜೋಡಿಸಿದ ಪುಸ್ತಕ ಓದ್ತಾ ಇರೋರನ್ನ ನಾನು ಒಂದ್ಸಲಾನೂ ನೋಡಿಲ್ಲ, ಅಳಿಯಂದ್ರೇ. ನೋಡ್ಬೇಕು ಅನ್ಸುತ್ತೆ,” ಎಂದರು. ನಾನು ಬರೆದದ್ದನ್ನು ಓದುವವರನ್ನು ನಾನೂ ನೋಡಿಲ್ಲ. ಆದರೆ ನನಗೆ ನೋಡುವ ಧೈರ್ಯವಿಲ್ಲ.

ಹೆಂಡತಿ ಪಕ್ಕದಲ್ಲಿ ಕೂತು ಮೂರು ತಿಂಗಳು ಕಲಿಸಿದಳು. ಅತ್ತೆ ಎರಡು ಸಲ ಪರೀಕ್ಷೆಗೆ ಹೋದರು, ಎರಡು ಸಲವೂ ಫೇಲು. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಇಡೀ ದಿನದಲ್ಲಿ ಎರಡೇ ಮಾತಾಡುವ ಮನುಷ್ಯ: “ಸಾಕು. ಇಳೀರಿ.” ಅತ್ತೆ ಅವರಿಗೆ ‘ಪೂರ್ಣವಿರಾಮ’ ಎಂದು ಹೆಸರಿಟ್ಟಿದ್ದರು. ಮೂರನೇ ಸಲವೂ ಪೂರ್ಣವಿರಾಮ ಬಿದ್ದರೆ ಆರು ತಿಂಗಳು ಆ ಕಡೆ ತಲೆ ಹಾಕುವಂತಿಲ್ಲ, ಅದು ಅಲ್ಲಿನ ನಿಯಮ. ಮೂರನೇ ಸಲದ ಪರೀಕ್ಷೆ ಆ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ. ವಾಚನಾಲಯದವರ ಗಡುವು ಮುಂದಿನ ಸೋಮವಾರಕ್ಕೆ.

ಎರಡು ಸಲವೂ ಕೈಕೊಟ್ಟದ್ದು ಮೂರನೇ ಗೇರು. ನಮ್ಮದು ಹಳೆಯ ಪುಟ್ಟ ಕಾರು. ಗೇರಿನ ನಕ್ಷೆ ಎಲ್ಲ ಕಾರುಗಳಲ್ಲಿರುವಂಥದ್ದೇ. ಎಡಗಡೆ ಮುಂದಕ್ಕೆ ತಳ್ಳಿದರೆ ಒಂದು, ಹಿಂದಕ್ಕೆ ಎಳೆದರೆ ಎರಡು. ನಡುವೆ ಮುಂದಕ್ಕೆ ಮೂರು, ಹಿಂದಕ್ಕೆ ನಾಲ್ಕು. ಬಲಗಡೆ ಮುಂದಕ್ಕೆ ಐದು, ಹಿಂದಕ್ಕೆ ರಿವರ್ಸು. ಆದರೆ ಮುಂದಕ್ಕೆ ಅಂದರೆ ಎಷ್ಟು ಮುಂದಕ್ಕೆ! ಮೂರಕ್ಕೆ ಹಾಕಲು ಹೊರಟ ಕೈ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ನಾಲ್ಕಕ್ಕೆ ಹಾಕುವಾಗ ಹಿಂದಿನ ಸೀಟಿನವರು ಮಂಡಿ ಸರಿಸಿಕೊಳ್ಳಬೇಕು. ಅತ್ತೆಯ ಭುಜದ ಕೀಲು ಸವೆದುಹೋಗಿತ್ತು. ನಲವತ್ತು ವರ್ಷ ಗೂಡಿನಿಂದ ಮೊಳೆ ಹೆಕ್ಕಿ ತನ್ನ ಕಡೆಗೆ ತಂದುಕೊಂಡ ಕೈ ಅದು. ಎಳೆ ಎಂದರೆ ಸಲೀಸಾಗಿ ಎಳೆಯುತ್ತಿತ್ತು. ತಳ್ಳು ಎಂದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು.

ಇದಕ್ಕೆ ಮದ್ದನ್ನು ಕಂಡುಹಿಡಿದವನು ನಾನು. ಬಿಡಿಭಾಗಗಳ ಅಂಗಡಿಯಿಂದ ಪುಟ್ಟ ಡಬ್ಬವೊಂದನ್ನು ತರಿಸಿದ್ದೆ. ಒಳಗೆ ಬೆರಳುದ್ದದ ಉಕ್ಕಿನ ತೋಳು, ಒಂದು ನಟ್ಟು, ಗೇರು ಕಡ್ಡಿಯ ತುದಿಗೆ ಹಾಕುವ ನಕ್ಷೆ ಕೆತ್ತಿದ ಹೊಸ ಗುಬುಟು ಮತ್ತು ನನ್ನ ಪ್ರಾಣಕ್ಕೆ ಹತ್ತಿರದ ವಸ್ತುವಾದ ಒಂದು ಪುಸ್ತಿಕೆ ಇದ್ದವು. ಶಾರ್ಟ್ ಶಿಫ್ಟರ್ ಎನ್ನುತ್ತಾರೆ. ಗೇರುಪೆಟ್ಟಿಗೆಯ ಮೇಲಿರುವ ಉದ್ದನೆಯ ತೋಳನ್ನು ತೆಗೆದು ಈ ಗಿಡ್ಡ ತೋಳನ್ನು ಕೂರಿಸಿದರೆ, ಒಳಗೆ ಗೇರು ಬೀಳಲು ಗೇರು ಕಡ್ಡಿ ಅರ್ಧ ದೂರ ಹೋದರೆ ಸಾಕು.

“ಇದೇನ್ರೀ?” ಎಂದಳು ಹೆಂಡತಿ.

“ನಿಮ್ಮಮ್ಮನ ಲೈಸೆನ್ಸು,” ಎಂದೆ ಗಂಭೀರವಾಗಿ.

“ಮೂರು ಗಂಟೆಗೆ ಟೆಸ್ಟು. ಇವತ್ತೇ ಬಿಚ್ಚಬೇಕಾ?”

“ಒಂಬತ್ತಕ್ಕೆ ಮುಗಿಯುತ್ತೆ.”

“ಯಾವತ್ತಿನ ಒಂಬತ್ತು?”

ಇಂಥ ಕುಹಕಕ್ಕೆ ಉತ್ತರ ಕೊಡುವುದು ದೊಡ್ಡವರ ಲಕ್ಷಣವಲ್ಲ. ನಾನು ಸ್ಪ್ಯಾನರ್ ಹಿಡಿದು ಕಾರಿನ ಬಳಿ ನಡೆದೆ. ಕಾರು ಗೋಡೆಗೆ ಮುಖ ಮಾಡಿ ಅಂಗಳದಲ್ಲಿ ನಿಂತಿತ್ತು. ಪಾಪ, ಅದಕ್ಕೇನು ಗೊತ್ತಿತ್ತು!

ಬಾನೆಟ್ಟು ಎತ್ತಿದೆ. ಗೇರುಪೆಟ್ಟಿಗೆ ಎಲ್ಲೋ ಪಾತಾಳದಲ್ಲಿತ್ತು. ಅದನ್ನು ಮುಟ್ಟಲು ಮೊದಲು ಬ್ಯಾಟರಿ ತೆಗೆಯಬೇಕು. ಬ್ಯಾಟರಿ ತೆಗೆದರೆ ಅದರ ತಟ್ಟೆ, ತಟ್ಟೆ ತೆಗೆದರೆ ಗಾಳಿ ಸೋಸುವ ಡಬ್ಬ, ಡಬ್ಬ ತೆಗೆದರೆ ಅದಕ್ಕೆ ಜೋತುಬಿದ್ದ ಮೂರು ಕೊಳವೆ. ಒಂದೊಂದನ್ನೂ ಅಂಗಳದ ಕಲ್ಲಿನ ಮೇಲೆ ಸಾಲಾಗಿ ಇಡುತ್ತ ಬಂದೆ. ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿದ್ದ ಕಾರು ಒಳಗಿದ್ದ ಕಾರಿಗಿಂತ ದೊಡ್ಡದಾಗಿ ಕಾಣತೊಡಗಿತು. ಹೆಂಡತಿ ಬಾಗಿಲಿಗೆ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದಳು. ಅವಳು ಏನೂ ಹೇಳದೆ ಹೋಗುವುದು ನಮ್ಮ ಮನೆಯಲ್ಲಿ ಅತ್ಯಂತ ಖಾರವಾದ ಮಾತು.

ಕೊನೆಗೂ ಗೇರುಪೆಟ್ಟಿಗೆ ಕಂಡಿತು. ಅತ್ತೆಯನ್ನು ಕರೆದು, ಸೀಟಿನಲ್ಲಿ ಕೂತು ಗೇರು ಕಡ್ಡಿಯನ್ನು ಮೆಲ್ಲಗೆ ಆಡಿಸಿ ಎಂದೆ. ನಾನು ಬಾನೆಟ್ಟಿನೊಳಗೆ ತಲೆ ಹಾಕಿ ನೋಡುತ್ತಿದ್ದೆ. ಅಲ್ಲಿ ಅವರ ಕೈ ಆಡಿತು, ಇಲ್ಲಿ ಕತ್ತಲಲ್ಲಿ ಒಂದು ಕೇಬಲ್ಲು ಸರಿಯಿತು, ಉಕ್ಕಿನ ತೋಳು ಹೊರಳಿತು, ಪೆಟ್ಟಿಗೆಯ ಒಳಗೆಲ್ಲೋ ಹಲ್ಲಿಗೆ ಹಲ್ಲು ಕೂಡಿದ ಸದ್ದಾಯಿತು. ಸತ್ಯವಾಗಿ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು. ಹದಿನೆಂಟು ವರ್ಷ ‘ತೋಳು’, ‘ಕೀಲು’, ‘ಕೊಂಡಿ’ ಎಂದು ಬರೆದವನು ಅವು ಒಂದರ ಕೈಯನ್ನು ಒಂದು ಹಿಡಿದು ಕೆಲಸ ಮಾಡುವುದನ್ನು ಅವತ್ತೇ ಮೊದಲು ಕಂಡದ್ದು. ಇನ್ನೊಮ್ಮೆ ಆಡಿಸಿ ಅತ್ತೆ, ಮತ್ತೊಮ್ಮೆ ಆಡಿಸಿ ಎನ್ನುತ್ತ ಕಾಲು ಗಂಟೆ ನೋಡಿದೆ.

ಆ ಕಾಲು ಗಂಟೆಯಲ್ಲಿ ಹಳೆಯ ತೋಳು ಯಾವ ಕಡೆಗೆ ಚಾಚಿಕೊಂಡಿದೆ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿದೆ. ಬೇರೆ ಯಾರೇ ಆಗಿದ್ದರೂ ಬಿಚ್ಚುವ ಮೊದಲು ಒಂದು ಗುರುತು ಹಾಕಿಕೊಳ್ಳುತ್ತಿದ್ದರು. ನನಗೆ ಗುರುತೇಕೆ? ಪುಸ್ತಿಕೆ ಇದೆಯಲ್ಲ! ಅಚ್ಚಾದ ಮಾತನ್ನು ನಾನೇ ನಂಬದಿದ್ದರೆ ಇನ್ಯಾರು ನಂಬಬೇಕು? ನಾಲ್ಕನೇ ಹಂತ ಸ್ಪಷ್ಟವಾಗಿತ್ತು: ‘ಹೊಸ ತೋಳನ್ನು ಬಲಗಡೆಗೆ ಚಾಚುವಂತೆ ಕೂರಿಸಿರಿ.’ ನಾನು ಕಾರಿನ ಎದುರಿಗೆ ನಿಂತು, ಕಾರಿನ ಮುಖ ನೋಡುತ್ತ, ನನ್ನ ಬಲಗಡೆಗೆ ಚಾಚುವಂತೆ ಕೂರಿಸಿದೆ.

ಕೇಬಲ್ಲು ಬರಲೊಲ್ಲೆ ಎಂದಿತು. ರಮಿಸಿದೆ, ಗದರಿದೆ, ಕೊನೆಗೆ ಬಲವಾಗಿ ಎಳೆದೆ. ಮನಸ್ಸಿಲ್ಲದ ಮನಸ್ಸಿನಿಂದ ಓರೆಯಾಗಿ ಬಂದು ಠಕ್ಕೆಂದು ಕೂತಿತು. ಅದರ ತುದಿಯಲ್ಲಿ ತೋಳಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಣ್ಣಿನ ಸುತ್ತ ಕೂದಲೆಳೆಯಂಥ ಬಿಳಿ ಗೆರೆ ಮೂಡಿದ್ದು ಕಂಡಿತು. ಕಂಡದ್ದೆಲ್ಲ ಹೇಳಬಾರದು ಎಂದು ಸುಮ್ಮನಾದೆ.

ಅಂಗಳದಲ್ಲಿದ್ದ ಕಾರನ್ನೆಲ್ಲ ಮತ್ತೆ ಕಾರಿನೊಳಗೆ ತುಂಬುವಷ್ಟರಲ್ಲಿ ಗಂಟೆ ಒಂದೂಕಾಲು. ಹೊಸ ಗುಬುಟು ತಿರುಗಿಸಿ, ಕೈ ತೊಳೆದು, ಇಬ್ಬರನ್ನೂ ಕರೆದು ಪ್ರದರ್ಶನ ಏರ್ಪಡಿಸಿದೆ. ಎಂಜಿನ್ ಹಚ್ಚಿರಲಿಲ್ಲ. ಟಿಕ್! ಒಂದು. ಟಿಕ್! ಎರಡು. ಮೊದಲು ಮೊಳದುದ್ದ ಓಡಾಡುತ್ತಿದ್ದ ಗೇರು ಕಡ್ಡಿ ಈಗ ಗೇಣಿನೊಳಗೇ ಕೆಲಸ ಮುಗಿಸುತ್ತಿತ್ತು. ಅತ್ತೆ ಕೂತು ಮೂರಕ್ಕೆ ತಳ್ಳಿ ನೋಡಿದರು. ಟಿಕ್ಕೆಂದು ಬಿತ್ತು. ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಡತಿಯತ್ತ ತಿರುಗಿ ಹುಬ್ಬು ಹಾರಿಸಿದೆ. ಅವಳೂ, “ಪರವಾಗಿಲ್ವೇ!” ಎಂದುಬಿಟ್ಟಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪದಕ ಅದು. ಐದು ನಿಮಿಷ ನನ್ನ ಕೊರಳಲ್ಲಿತ್ತು.

ಕಾರನ್ನು ರಸ್ತೆಗೆ ತರಲು ಹೆಂಡತಿ ಕೂತಳು. ಎಂಜಿನ್ ಹಚ್ಚಿ, ರಿವರ್ಸು ಹಾಕಿ, ಕ್ಲಚ್ಚು ಬಿಟ್ಟಳು. ಕಾರು ಗಡಗಡ ನಡುಗಿ ಆಫ್ ಆಯಿತು. ಮತ್ತೆ ಹಚ್ಚಿದಳು, ಮತ್ತೆ ಆಫ್. ಕ್ಲಚ್ಚು ಬೇಗ ಬಿಡುತ್ತಿದ್ದೀಯ ಎಂದು ನಾನು ತಿಳಿವಳಿಕೆ ಹೇಳಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಬ್ಯಾಟರಿ ಇಲ್ಲದೆಯೇ ಕಾರು ಶುರುವಾಗಬೇಕಿತ್ತು. ಮೂರನೇ ಸಲವೂ ಆಫ್.

ಪಕ್ಕದಲ್ಲಿ ನಿಂತು ಚಕ್ರವನ್ನೇ ನೋಡುತ್ತಿದ್ದ ಅತ್ತೆ, “ಅದು ಹಿಂದಕ್ಕೆ ತುಯ್ಯಲಿಲ್ಲ ಕಣೆ, ಮುಂದಕ್ಕೆ ತುಯ್ತು,” ಎಂದರು. ಸ್ವಲ್ಪ ಯೋಚಿಸಿ, “ಐದಕ್ಕೆ ಹಾಕು ನೋಡೋಣ,” ಎಂದರು.

ಹೆಂಡತಿ ಐದಕ್ಕೆ ಹಾಕಿದಳು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹಿಂದಕ್ಕೆ ಹೋಗಿ ರಸ್ತೆಯಲ್ಲಿ ನಿಂತಿತು.

ಒಂದೊಂದೇ ಗೇರನ್ನು ಹಾಕಿ ನೋಡಿದೆವು. ಮುಂದೆ ತಿಳಿದದ್ದಿಷ್ಟು. ಒಂದಕ್ಕೆ ಹಾಕಿದರೆ ಎರಡು ಬೀಳುತ್ತದೆ, ಎರಡಕ್ಕೆ ಹಾಕಿದರೆ ಒಂದು. ಮೂರು ನಾಲ್ಕಾಗಿದೆ, ನಾಲ್ಕು ಮೂರಾಗಿದೆ. ಐದು ರಿವರ್ಸು, ರಿವರ್ಸು ಐದು. ಪುಸ್ತಿಕೆ ಬರೆದವನ ಬಲ ಸ್ಟೀರಿಂಗ್ ಹಿಡಿದು ಕೂತವನ ಬಲ. ನನ್ನದು ಎದುರಿಗೆ ನಿಂತವನ ಬಲ. ಯಾರ ಬಲ ಎಂದು ಬರೆಯದೆ ಬಿಟ್ಟ ಆ ಅಜ್ಞಾತ ಸಹೋದ್ಯೋಗಿಯನ್ನು ಬೈಯಲು ಬಾಯಿ ತೆರೆದೆ, ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.

“ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡೋದು ಅಂದ್ರೆ ಇದೇ ಅಲ್ವೇನ್ರೀ?” ಎಂದಳು ಹೆಂಡತಿ.

ಬೀದಿಯ ಕೊನೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಆತ ಪೂರ್ತಿ ಕೇಳಿಸಿಕೊಂಡು, ಫೋನನ್ನು ಕೆಳಗಿಟ್ಟು ನಕ್ಕು, ಮತ್ತೆ ಎತ್ತಿಕೊಂಡ. ಬಿಳಿ ಗೆರೆಯ ವಿಷಯ ಹೇಳಿದೊಡನೆ ನಗು ನಿಂತಿತು. ಅದನ್ನು ಮುಟ್ಟಲೇಬೇಡಿ, ಮತ್ತೆ ಬಿಚ್ಚಿದರೆ ಆ ಕಣ್ಣು ಒಡೆಯುತ್ತದೆ, ಆಮೇಲೆ ಕಾರಿಗೆ ಯಾವ ಗೇರೂ ಇರುವುದಿಲ್ಲ, ನಾಳೆ ಹೊಸ ಕೇಬಲ್ಲು ತರುತ್ತೇನೆ ಎಂದ. ಬೇರೆ ಕಾರಿನಲ್ಲಿ ಹೋಗೋಣವೆಂದರೆ ಅರ್ಜಿಯಲ್ಲಿ ಈ ಕಾರಿನ ನಂಬರೇ ಇತ್ತು. ಬೇರೆಯದನ್ನು ಆ ಆಫೀಸಿನವರು ಗೇಟಿನೊಳಗೇ ಬಿಡುವುದಿಲ್ಲ.

ನಾನು ನಗಿಸಲು ಕೂತವನು. ಆದರೂ ಆ ಹೊತ್ತು ನಗುವಂಥದ್ದಾಗಿರಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಹೊಸದಾಗಿ ಇಸ್ತ್ರಿ ಮಾಡಿದ ಬಟ್ಟೆ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಅರ್ಜಿ ಮತ್ತು ಎರಡು ಫೋಟೋ. ಮೂರು ತಿಂಗಳು ಬಿಸಿಲಲ್ಲಿ ಕಲಿತದ್ದನ್ನು ನಾನು ಒಂದು ಬೆಳಿಗ್ಗೆಯಲ್ಲಿ ತಲೆಕೆಳಗು ಮಾಡಿಟ್ಟಿದ್ದೆ. ತಪ್ಪಾಯಿತು ಅತ್ತೆ ಎಂದೆ. ನನಗೆ ಅಳು ಬರುವಂತಾಗಿತ್ತು.

ಅತ್ತೆ ನನ್ನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಚೀಲದಿಂದ ಪೆನ್ಸಿಲು ತೆಗೆದು, ಪುಸ್ತಿಕೆಯ ಹಿಂಬದಿಯಲ್ಲಿ ಹೊಸ ನಕ್ಷೆ ಬರೆದರು. ಮೇಲಿನ ಸಾಲಲ್ಲಿ ಎರಡು, ನಾಲ್ಕು, ರಿವರ್ಸು. ಕೆಳಗಿನ ಸಾಲಲ್ಲಿ ಒಂದು, ಮೂರು, ಐದು. ಕಾಗದವನ್ನು ತುಸು ದೂರ ಹಿಡಿದು ನೋಡಿದರು.

“ಎಡ ಎಡದಲ್ಲೇ ಇದೆ, ಬಲ ಬಲದಲ್ಲೇ ಇದೆ. ಮೇಲಿಂದು ಮಾತ್ರ ಕೆಳಗೆ ಬಂದಿದೆ,” ಎಂದರು. “ಇದು ಮೊಳೆ ಅಲ್ವಾ!”

ನನಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಪಟ್ಟಿಯಲ್ಲಿ ಸೀಸದ ಅಕ್ಷರಗಳು ನಿಲ್ಲುವುದೇ ಹೀಗಂತೆ. ಸಾಲು ಎಡದಿಂದ ಬಲಕ್ಕೇ ಓಡುತ್ತದೆ, ಆದರೆ ಪ್ರತಿ ಅಕ್ಷರವೂ ಬುಡ ಮೇಲಾಗಿ ನಿಂತಿರುತ್ತದೆ. ತಲೆಕಟ್ಟು ಕೆಳಗೆ, ಒತ್ತಕ್ಷರ ಮೇಲೆ. ಹಾಗೆಯೇ ಓದಿ, ಹಾಗೆಯೇ ತಪ್ಪು ಹಿಡಿದು, ಹಾಗೆಯೇ ತಿದ್ದಬೇಕು. ನಲವತ್ತು ವರ್ಷ ಅವರು ಓದಿದ ಪುಸ್ತಕಗಳೆಲ್ಲ ತಲೆಕೆಳಗಾಗಿಯೇ ಇದ್ದವಂತೆ. ನೆಟ್ಟಗಿದ್ದದ್ದನ್ನು ಓದಲು ಪುರುಸೊತ್ತು ಸಿಕ್ಕದ್ದೇ ಅಚ್ಚುಕೂಟ ಮುಚ್ಚಿದ ಮೇಲಂತೆ.

“ಅಮ್ಮಾ, ಕಾರು ಅಕ್ಷರ ಅಲ್ಲ,” ಎಂದಳು ಹೆಂಡತಿ. “ಮುಂದೆ ವಾಚನಾಲಯದ ವ್ಯಾನಲ್ಲಿ ಎಲ್ಲಾ ನೆಟ್ಟಗಿರುತ್ತೆ. ಆಗೇನ್ ಮಾಡ್ತೀಯ?”

“ಮೊಳೇಲೂ ಓದ್ತಿದ್ದೆ, ಕಾಗದದಲ್ಲೂ ಓದ್ತಿದ್ದೆ. ಒಂದನ್ನ ಇನ್ನೊಂದಕ್ಕೆ ಯಾವತ್ತಾದ್ರೂ ಬೆರೆಸಿದೀನಾ?” ಎಂದು ಅತ್ತೆ ಎದ್ದರು. “ಮೂರನೇದು ಈಗ ಹಿಂದಕ್ಕಿದೆ. ತಳ್ಳೋದು ತಪ್ಪಿತು. ಎಳೆದ್ರೆ ಸಾಕು, ನನ್ನ ಹತ್ರಾನೇ ಬರುತ್ತೆ.”

ಮನೆಯ ಹಿಂದಿನ ಖಾಲಿ ಓಣಿಯಲ್ಲಿ ಇಪ್ಪತ್ತು ನಿಮಿಷ ಅಭ್ಯಾಸ ನಡೆಯಿತು. ಹೆಂಡತಿ ಪಕ್ಕದಲ್ಲಿ, ನಾನು ಹಿಂದಿನ ಸೀಟಿನಲ್ಲಿ ಅಪರಾಧಿಯ ಜಾಗದಲ್ಲಿ. ಮೊದಲ ಸುತ್ತಿನಲ್ಲಿ ಅತ್ತೆ ಗೇರು ಹಾಕುವ ಮುನ್ನ ಪ್ರತಿ ಸಲವೂ ತುಟಿಯಲ್ಲೇ ಹೇಳಿಕೊಂಡರು. ಎರಡನೇ ಸುತ್ತಿನಲ್ಲಿ ತುಟಿ ನಿಂತಿತು. ಮೂರನೇ ಸುತ್ತಿನಲ್ಲಿ ಅವರ ಕೈ, ಗೂಡು ನೋಡದೆಯೇ ಬೇಕಾದ ಅಕ್ಷರಕ್ಕೆ ಹೋಗುವ ಹಾಗೆ, ತಾನೇ ಹೋಗಿ ತಾನೇ ಬರತೊಡಗಿತು. ಗಿಡ್ಡ ತೋಳು ಟಿಕ್, ಟಿಕ್ ಎನ್ನುತ್ತಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಮೂರನೇ ಗೇರು ಕರ್ರೆನ್ನದೆ ಬಿತ್ತು. ಹೆಂಡತಿ ಹಿಂತಿರುಗಿ ನನ್ನ ಕಡೆ ನೋಡಿದಳು. ಅವಳ ಕಣ್ಣು ಅಗಲವಾಗಿತ್ತು. ನನ್ನದೂ ಹಾಗೆಯೇ ಇದ್ದಿರಬೇಕು. ಇಪ್ಪತ್ತು ವರ್ಷದಿಂದ ಕಾರು ಓಡಿಸುವ ನಾನು ಆ ಸೀಟಿನಲ್ಲಿದ್ದಿದ್ದರೆ ಓಣಿಯ ಗೋಡೆಗಳೆರಡೂ ಬಿದ್ದಿರುತ್ತಿದ್ದವು.

ಲೈಸೆನ್ಸ್ ಆಫೀಸಿನವರೆಗೂ ಅತ್ತೆಯೇ ಓಡಿಸಿದರು. ಆಫೀಸಿನ ಹಿಂದೆ ಪರೀಕ್ಷೆಯ ಬಯಲು. ಬಯಲಿನ ಒಂದು ಬದಿಗೆ ತಗಡಿನ ಚಪ್ಪರ, ಅದರಡಿ ಒಂದು ಮೇಜು, ಮೇಜಿನ ಮೇಲೆ ರಿಜಿಸ್ಟರು, ಮೊಹರು, ಚಹಾದ ಫ್ಲಾಸ್ಕು, ಮೇಜಿನ ಹಿಂದೆ ಪೂರ್ಣವಿರಾಮ. ನಾನು ಅತ್ತೆಯ ಕಿವಿಯಲ್ಲಿ, ಗೇರಿನ ಸುದ್ದಿ ಎತ್ತಲೇಬೇಡಿ, ಗುಬುಟಿನ ಮೇಲೆ ಕೈಯಿಟ್ಟುಕೊಂಡೇ ಇರಿ, ನಕ್ಷೆ ಅವರಿಗೆ ಕಾಣುವುದಿಲ್ಲ ಎಂದು ಉಪದೇಶ ಮಾಡಿದ್ದೆ. ಅವರು ಇಳಿದು ನೇರ ಮೇಜಿನ ಬಳಿ ಹೋಗಿ, “ಸಾರ್, ಈ ಕಾರಿನ ಗೇರು ತಲೆಕೆಳಗಾಗಿದೆ. ಅಳಿಯಂದ್ರು ರಿಪೇರಿ ಮಾಡಿದಾರೆ,” ಎಂದುಬಿಟ್ಟರು.

ಪೂರ್ಣವಿರಾಮ ನಿಧಾನವಾಗಿ ತಲೆಯೆತ್ತಿ ಅಳಿಯಂದ್ರನ್ನು ನೋಡಿದರು. ಅಳಿಯಂದ್ರು ಆಕಾಶ ನೋಡಿದರು. ಇನ್‌ಸ್ಪೆಕ್ಟರು ಮೇಜಿನ ಖಾನೆಯಿಂದ ನಿಯಮಗಳ ಪುಸ್ತಕ ತೆಗೆದು ಮೂರು ಪುಟ ಓದಿದರು, ನಾಲ್ಕನೆಯದನ್ನು ತಿರುವಿದರು.

“ಮುಂದೆ ಹೋಗಿ ಅಂದ್ರೆ ಮುಂದೆ ಹೋಗ್ಬೇಕು. ಹಿಂದೆ ಅಂದ್ರೆ ಹಿಂದೆ,” ಎಂದರು. “ಕೈ ಯಾವ ಕಡೆ ಹೋಗ್ಬೇಕು ಅಂತ ಇದರಲ್ಲಿ ಬರೆದಿಲ್ಲ. ಹತ್ತಿ.”

ಅವರು ಅತ್ತೆಯ ಪಕ್ಕದಲ್ಲಿ ಕೂತರು. ನಾವಿಬ್ಬರು ಬೆಂಚಿನ ಮೇಲೆ ಕೂತೆವು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಪ್ರೀತಿಯಿಂದಲ್ಲ, ಹಿಂಡಲು.

ಕಾರು ಹೊರಟಿತು. ಎರಡಕ್ಕೆ ಬಂತು. ನೆಟ್ಟನೆಯ ಹಾದಿಗೆ ಬಂದು ವೇಗ ಹೆಚ್ಚಿಸಿಕೊಂಡಿತು. ಹಿಂದಿನ ಎರಡು ಸಲವೂ ಕರ್ರೆಂದು ಅರಚಿ ನಿಂತ ಜಾಗ ಅದು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಕಾರು ಮೂರನೇ ಗೇರಿನಲ್ಲಿ ಗುಂಯ್ ಎನ್ನುತ್ತ ಬಯಲಿನ ಆ ತುದಿ ಮುಟ್ಟಿತ್ತು. ಅಲ್ಲಿ ತಿರುಗಿತು, ದಿಬ್ಬ ಹತ್ತಿ ನಿಂತು ಒಂದಂಗುಲವೂ ಹಿಂದೆ ಜಾರದೆ ಹೊರಟಿತು, ಕೆಂಪು ಕೋನುಗಳ ನಡುವೆ ಹಿಂದಕ್ಕೆ ಹಿಂದಕ್ಕೆ ಹಾವಿನಂತೆ ಹರಿದು ಬಂತು. ಬಯಲಲ್ಲಿ ಕಾಯುತ್ತಿದ್ದ ಬೇರೆಯವರಿಗೆ ಅದು ಬರೀ ಒಬ್ಬ ಗಿಡ್ಡ ಹೆಂಗಸು ಕಾರು ಓಡಿಸಿದ್ದು. ಅದರೊಳಗೆ ಏನು ನಡೆಯುತ್ತಿದೆ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಇಷ್ಟು ವರ್ಷ ನಾನು ಈ ಹೆಂಗಸಿಗೆ ‘ಮಿಕ್ಸರ್ ಹುಷಾರು ಅತ್ತೆ, ಕೈಗೆ ತಾಗೀತು’ ಎಂದು ಎಚ್ಚರಿಕೆ ಹೇಳುತ್ತ ಬಂದವನು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಎದ್ದು ನಿಂತು ನಮಸ್ಕಾರ ಮಾಡಬೇಕೆನಿಸಿತು.

ಕಾರು ಚಪ್ಪರಕ್ಕೆ ಮುಖ ಮಾಡಿ ನಿಂತಿತು. ಪೂರ್ಣವಿರಾಮ ‘ಸಾಕು’ ಎನ್ನಲಿಲ್ಲ. ಸುಮ್ಮನೆ ಇಳಿದು, ಮೇಜಿನ ಬಳಿ ಹೋಗಿ, ರಿಜಿಸ್ಟರಿನಲ್ಲಿ ಬರೆದು ಮೊಹರು ಒತ್ತಿದರು. ಒತ್ತಿದ ಮೇಲೂ ಒಂದು ಗಳಿಗೆ ಕಾರನ್ನೇ ನೋಡುತ್ತ ನಿಂತರು. ಅತ್ತೆ ಕೀಲಿಯನ್ನು ಕಾರಿನಲ್ಲೇ ಬಿಟ್ಟು ಇಳಿದರು. ಹೆಂಡತಿ ಅವರನ್ನು ಅಪ್ಪಿಕೊಂಡೇ ಲೈಸೆನ್ಸ್ ಕೊಡುವ ಕಿಟಕಿಗೆ ಕರೆದುಕೊಂಡು ಹೋದಳು.

“ಕಾರು ತೆಗೀರಿ. ಮುಂದಿನವರು ಬರ್ಬೇಕು,” ಎಂದರು ಪೂರ್ಣವಿರಾಮ ನನಗೆ.

ಇಲ್ಲಿ ನಾನು, ‘ಸ್ವಲ್ಪ ಇರಿ ಸಾರ್, ಓಡಿಸುವವರು ಬರಲಿ’ ಎನ್ನಬಹುದಿತ್ತು. ಅನ್ನುವುದು ಹೇಗೆ? ತೋಳು ಕೂರಿಸಿದವನು ನಾನು! ಗತ್ತಿನಿಂದ ಹತ್ತಿ ಕೂತೆ. ಬೇಕಾದದ್ದು ರಿವರ್ಸು. ಅದು ಮೊದಲಿದ್ದದ್ದು ಬಲಗಡೆ ಹಿಂದಕ್ಕೆ. ಈಗ ಎಲ್ಲವೂ ಉಲ್ಟಾ. ಬಲದ ಉಲ್ಟಾ ಎಡ, ಹಿಂದಿನ ಉಲ್ಟಾ ಮುಂದೆ. ಹಾಗಾದರೆ ಎಡಗಡೆ ಮುಂದಕ್ಕೆ! ಲೆಕ್ಕ ಇಷ್ಟು ಸುಲಭವಿತ್ತೇ ಎಂದು ನನ್ನ ಬುದ್ಧಿಗೆ ನಾನೇ ತಲೆದೂಗಿ, ಕತ್ತು ಹಿಂದಕ್ಕೆ ತಿರುಗಿಸಿ, ಆಕ್ಸಿಲರೇಟರ್ ಒತ್ತಿದೆ. ಎಡ ಎಡದಲ್ಲೇ ಇದೆ ಎಂದು ಅತ್ತೆ ಹೇಳಿದ್ದು ಕಾರು ಮುಂದಕ್ಕೆ ನೆಗೆದ ಮೇಲೆ ನೆನಪಾಯಿತು.

ಮೊದಲು ಮೇಜು ಹೋಯಿತು. ಆಮೇಲೆ ಕುರ್ಚಿ. ಫ್ಲಾಸ್ಕು ಬಾನೆಟ್ಟಿನ ಮೇಲೆ ಹತ್ತಿ, ಗಾಜಿನವರೆಗೂ ಉರುಳಿ ಬಂದು, ನನ್ನ ಮುಖ ನೋಡಿ ಕೆಳಗೆ ಬಿತ್ತು. ಪೂರ್ಣವಿರಾಮ ಪುಣ್ಯಕ್ಕೆ ಪಕ್ಕದಲ್ಲಿ ನಿಂತಿದ್ದರು. ಅವರು ಬಗ್ಗಿ ರಿಜಿಸ್ಟರನ್ನು ಎತ್ತಿಕೊಂಡರು. ತೆರೆದ ಪುಟದಲ್ಲಿ ಮೊಹರಿನ ಪಕ್ಕ ನಮ್ಮ ಕಾರಿನ ಟೈರು ಸಹಿ ಹಾಕಿತ್ತು. ಅದನ್ನು ಧೂಳು ಕೊಡವಿ ಕಂಕುಳಲ್ಲಿಟ್ಟುಕೊಂಡು, ಕಾರಿನ ಕಿಟಕಿಯ ಬಳಿ ಬಂದು ಕೈ ಚಾಚಿದರು.

“ಲೈಸೆನ್ಸು.”

“ಸಾರ್, ಗೇರು ತಲೆಕೆಳಗಾಗಿದೆ ಸಾರ್. ನಿಮಗೇ ಗೊತ್ತಲ್ಲ.”

“ಅವರಿಗೂ ತಲೆಕೆಳಗೇ ಇತ್ತಲ್ಲ.”

ಲೈಸೆನ್ಸ್ ತೆಗೆದುಕೊಟ್ಟೆ. ಅವರು ಅದನ್ನು ರಿಜಿಸ್ಟರಿನಲ್ಲಿ ಸಿಕ್ಕಿಸಿಕೊಂಡು, ಮತ್ತೆ ಪರೀಕ್ಷೆಗೆ ಕೂತು ಪಾಸಾಗಿ ಇಸಕೊಂಡು ಹೋಗಿ ಎಂದರು. ಇನ್ನೇನೋ ಹೇಳಲು ಬಾಯಿ ತೆರೆದೆ. “ಸಾಕು. ಇಳೀರಿ,” ಎಂದರು.

ಅಷ್ಟರಲ್ಲಿ ಅತ್ತೆ ಲೈಸೆನ್ಸ್ ಕಿಟಕಿಯ ಕಡೆಯಿಂದ ಬಂದರು, ಹೊಸ ಲೈಸೆನ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಬಿದ್ದ ಮೇಜು ನೋಡಿದರು, ಕಾರು ನೋಡಿದರು, ನನ್ನನ್ನು ನೋಡಿದರು. ಲೈಸೆನ್ಸನ್ನು ಚೀಲದಲ್ಲಿಟ್ಟು, ಕಾರು ಹತ್ತಿ, ಒಂದೇ ಸಲಕ್ಕೆ ರಿವರ್ಸು ಹಾಕಿ ಚಪ್ಪರದಿಂದ ಹೊರಗೆ ತಂದು ನಿಲ್ಲಿಸಿದರು. ನಾನು ತೆಪ್ಪಗೆ ಹಿಂದಿನ ಸೀಟಿನಲ್ಲಿ ಕೂತೆ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ.

“ಬೆಳಿಗ್ಗೆ ಮನೇಲಿ ಎರಡು ಲೈಸೆನ್ಸ್ ಇತ್ತು. ಸಂಜೇನೂ ಎರಡೇ,” ಎಂದಳು ಅವಳು. ಆಮೇಲೆ ಅಮ್ಮನ ಸಂಭ್ರಮ ನೆನಪಾಗಿ, ನಗುತ್ತ ಕಾರಿನ ಹಿಂದಕ್ಕೆ ಹೋಗಿ, ಗಾಜಿಗೆ ಅಂಟಿಸಿದ್ದ ಕಲಿಕೆಯವರ ಕೆಂಪು ‘ಎಲ್’ ಚೀಟಿಯನ್ನು ಕೀಳಲು ಉಗುರು ಹಾಕಿದಳು.

ಅತ್ತೆ ಕನ್ನಡಿಯಲ್ಲಿ ಅದನ್ನು ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಕೀಳ್ಬೇಡ್ವೇ, ಇರಲಿ ಬಿಡು. ಅಳಿಯಂದ್ರಿಗೆ ಬೇಕಾಗುತ್ತೆ.”